ಅಡಿವೆಪ್ಪನ ಭಾರ

ನಮ್ಮೂರಿನಲ್ಲಿ ಯಾರಿಗಾದರೂ ಜಾಮೀನು ಸಿಕ್ಕರೆ ಅವರು ತಮ್ಮ ಮೈಭಾರವನ್ನು ಕೋರ್ಟಿನಲ್ಲೇ ಇಟ್ಟು ಮನೆಗೆ ಹೋಗಬೇಕು. ಕಟಕಟೆಯ ಪಕ್ಕದಲ್ಲಿ ಸಾಲಾಗಿ ಗುಂಡುಕಲ್ಲುಗಳಿವೆ. ಒಂದರ ಮೇಲೆ ಎರಡೂ ಕೈ ಊರಿ ನಿಂತರೆ ಭಾರವೆಲ್ಲ ಇಳಿದು ಕಲ್ಲಿಗೆ ಸೇರುತ್ತದೆ, ಮನುಷ್ಯ ಒಣಗಿದ ಬಟ್ಟೆಯ ಹಾಗೆ ಹಗುರಾಗಿ ಹೊರಗೆ ಬರುತ್ತಾನೆ. ಗಾಳಿಗೆ ಹಾರಿಹೋಗದಿರಲೆಂದು ಕೋರ್ಟಿನವರೇ ಅವನಿಗೆ ಎರಡು ಜೇಬುಗಲ್ಲು ಕೊಡುತ್ತಾರೆ. ನುಣುಪಾದ ಕರಿಕಲ್ಲು, ಮೇಲೆ ಕೋರ್ಟಿನ ಗುರುತು ಕೆತ್ತಿರುತ್ತದೆ. ಕೇಸು ಮುಗಿದ ದಿನ ಕಲ್ಲು ಕೋರ್ಟಿಗೆ ವಾಪಸು, ಭಾರ ಮನುಷ್ಯನಿಗೆ ವಾಪಸು.

ಇದರಿಂದ ಊರಿಗೆ ಆಗಿರುವ ಅನುಕೂಲ ಸಣ್ಣದಲ್ಲ. ತೆಂಗಿನಕಾಯಿ ಇಳಿಸಬೇಕೇ, ಮದುವೆ ಚಪ್ಪರಕ್ಕೆ ತೋರಣ ಕಟ್ಟಬೇಕೇ, ಅಟ್ಟದ ಮೂಲೆಯ ಜೇಡರ ಬಲೆ ತೆಗೆಯಬೇಕೇ, ಜನ ಮೊದಲು ಕೇಳುವುದು ಈಗ ಜಾಮೀನಿನ ಮೇಲೆ ಯಾರಿದ್ದಾರೆ ಎಂದು. ಒಳ್ಳೆಯ ಮನೆತನದವರೂ ಮದುವೆ ಸೀಸನ್ನಿನಲ್ಲಿ ಅವರನ್ನು ಕರೆದು ಕೂರಿಸಿ, ಚಹಾ ಕೊಟ್ಟು, ಕೇಸು ಇನ್ನೆಷ್ಟು ದಿನ ನಡೆಯಬಹುದು ಎಂದು ಆಸೆಯಿಂದ ವಿಚಾರಿಸುತ್ತಾರೆ.

ಕಷ್ಟವಿರುವುದು ಜಾಮೀನಿಗೆ ನಿಂತವನಿಗೆ. ತಾರೀಖಿನ ದಿನ ಮೂರು ಸಲ ಕೂಗಿದರೂ ಆರೋಪಿ ಬರಲಿಲ್ಲವೆಂದರೆ ಅವನ ಭಾರ ಗುಂಡುಕಲ್ಲು ಬಿಟ್ಟು ಜಾಮೀನುದಾರನ ಮೈಗೆ ಬರುತ್ತದೆ. ಹೀಗಾಗಿ ನಮ್ಮೂರಿನಲ್ಲಿ ಸಣಕಲರಿಗೆ ಜಾಮೀನುದಾರರು ಬೇಗ ಸಿಗುತ್ತಾರೆ. ನಡತೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಹೊಟ್ಟೆ ಎಷ್ಟಿದೆ ಎಂದು ನೋಡುತ್ತಾರೆ.

ಅಡಿವೆಪ್ಪ ಸಣಕಲನಲ್ಲ. ಅವನು ನನ್ನ ಹೆಂಡತಿ ತುಂಗವ್ವನ ತಮ್ಮ. ಮದುವೆಯಾಗಿಲ್ಲ, ಹಿಟ್ಟಿನ ಗಿರಣಿಯಲ್ಲಿ ಕೆಲಸ, ಎರಡು ಓಣಿ ಆಚೆ ಬಾಡಿಗೆ ಕೋಣೆ, ಊಟ ಮಾತ್ರ ನಮ್ಮ ಮನೆಯಲ್ಲಿ. ಅವನು ಎಲೆಯ ಮುಂದೆ ಕೂತರೆ ಬಡಿಸುವವರ ಸೊಂಟ ಬಿದ್ದುಹೋಗುತ್ತದೆ. ಅವನ ಕೋಣೆಯ ಪಕ್ಕದಲ್ಲಿ ಗೂಳಪ್ಪ ಮಾಸ್ತರರ ಮನೆ. ಮಾಸ್ತರರು ಕೋಳಿ ಕೂಗುವ ಮುಂಚೆಯೇ ರೇಡಿಯೋ ಹಚ್ಚಿ, ಓಣಿಗೆಲ್ಲ ಕೇಳುವಷ್ಟು ದೊಡ್ಡದು ಮಾಡಿ, ತಾವು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಒಂದು ದಿನ ಅಡಿವೆಪ್ಪ ಆ ರೇಡಿಯೋ ಎತ್ತಿಕೊಂಡು ಹೋಗಿ, ಹಗ್ಗ ಕಟ್ಟಿ, ಮಾಸ್ತರರ ಬಾವಿಗೇ ಮೆಲ್ಲಗೆ ಇಳಿಬಿಟ್ಟ. ಎತ್ತಿ ಎಸೆದಿದ್ದರೆ ಸಿಟ್ಟಿನಲ್ಲಿ ಆದದ್ದು ಎಂದು ಬಿಡುತ್ತಿದ್ದರೋ ಏನೋ. ಮೆಲ್ಲಗೆ ಇಳಿಸಿದ್ದರಿಂದ ಯೋಚನೆ ಮಾಡಿಯೇ ಮಾಡಿದ್ದಾನೆ ಎಂದು ಕೇಸು ಬಿತ್ತು.

"ನೀವು ನಿಲ್ಲದ ಮತ್ಯಾರು ನಿಲ್ತಾರ್ರಿ? ನಮ್ಮನ್ನ ಬಿಟ್ರ ಅವಂಗ ಯಾರದಾರ?" ಎಂದಳು ತುಂಗವ್ವ.

"ಅವನ ಗಾತ್ರ ನೋಡಿ ಮಾತಾಡು. ಅವ ಏನರ ಕೈ ಕೊಟ್ಟಾ ಅಂದ್ರ ನನ್ನ ಗತಿ ಏನು?"

"ಎಲ್ಲಿಗೂ ಹೋಗಾಂವಲ್ಲ ತಗೋರಿ. ಊಟದ ಹೊತ್ತಿಗೆ ತಾನ ಬರ್ತಾನ."

ಜಾಮೀನಿಗೆ ನಿಂತೆ. ನನ್ನ ಭಯಕ್ಕೂ ಕಾರಣವಿತ್ತು. ನಾನು ಹೆಂಚು ಹೊದಿಸುವವನು. ಹೆಸರು ರಾಚಪ್ಪ ಎಂದರೆ ಊರಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ, ಹೆಂಚಿನ ರಾಚಪ್ಪ ಎನ್ನಬೇಕು. ಮಾಳಿಗೆಯ ಮೇಲೆ ಹೆಜ್ಜೆ ಇಡುವಾಗ ಹೆಂಚು ಒಡೆಯಬಾರದು, ಅದರ ಕೆಳಗಿನ ಮರದ ರೀಪು ಬಾಗಬಾರದು. ಮೈಹಗುರವೇ ನನ್ನ ಅನ್ನ.

ಜಾಮೀನಿನ ಆ ದಿನಗಳು ನಿಜ ಹೇಳಬೇಕೆಂದರೆ ಚೆನ್ನಾಗಿದ್ದವು. ಗಿರಣಿಯ ಗಾಳಿ ತಡೆಯದೆ ಅಡಿವೆಪ್ಪ ನನ್ನ ಜೊತೆ ಕೆಲಸಕ್ಕೆ ಬಂದ. ಜೇಬುಗಲ್ಲನ್ನು ಏಣಿಯ ಬುಡದಲ್ಲಿ ಇಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಾಳಿಗೆಯ ಮೇಲೆ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಒಂದು ಹೆಂಚೂ ಒಡೆಯಲಿಲ್ಲ. "ಮಾವ, ಈ ಕೇಸು ಮುಗಿಯೂದ ಬ್ಯಾಡ ನೋಡು" ಎನ್ನುತ್ತಿದ್ದ. ಅವನು ಉಂಡದ್ದೆಲ್ಲ ಕೋರ್ಟಿನ ಗುಂಡುಕಲ್ಲಿಗೆ ಹೋಗಿ ಸೇರುತ್ತಿತ್ತೇ ಹೊರತು ಅವನ ಮೈಗೆ ಹತ್ತುತ್ತಿರಲಿಲ್ಲ. ಆದರೆ ಆ ಸಂಗತಿಯನ್ನು ನಾವು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

ತಾರೀಖು ಬಂದದ್ದು ಆಷಾಢದಲ್ಲಿ. ನಾನು ಮೊದಲೇ ಕೋರ್ಟಿಗೆ ಹೋಗಿ ಕೂತಿದ್ದೆ. ಅಡಿವೆಪ್ಪ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಹಿಂದಿನಿಂದ ಬರುತ್ತೇನೆಂದಿದ್ದ. ಹೊರಗೆ ಪಡುವಣ ಗಾಳಿ ಬೀಸುತ್ತಿತ್ತು. ಜವಾನ ದಸ್ತಗೀರಸಾಬ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಮೂರನೆಯ ಕೂಗು ಮುಗಿಯುತ್ತಿದ್ದಂತೆ ನನ್ನ ಮೈಗೆ ಭಾರ ಬಂತು. ಭಾರ ಮೇಲಿನಿಂದ ಬೀಳುತ್ತದೆ ಎಂದು ತಿಳಿದಿದ್ದೆ, ಹಾಗಲ್ಲ, ಅದು ಎಲುಬಿನ ಒಳಗಿನಿಂದ ತುಂಬಿಕೊಂಡು ಬರುತ್ತದೆ. ಕೂತಿದ್ದ ಬೆಂಚು ಲಟಕ್ಕೆಂದು ಮುರಿಯಿತು.

ಮಾರ್ಕೆಟ್ಟಿನಲ್ಲಿದ್ದವರು ಅವನನ್ನು ಕಂಡಿದ್ದರು. ಬಟ್ಟೆ ಅಂಗಡಿಯ ಸಾಲಿನ ಮೇಲೆ ಎದ್ದು, ನೀರಿನ ಟಾಕಿಯನ್ನು ದಾಟಿ, ಮೂಡಣ ದಿಕ್ಕಿಗೆ ಹೋದನಂತೆ. ಹೋಗುವಾಗ ಕೈ ಬೀಸಿದನಂತೆ. ಹಿಡಿಯಿರಿ ಎಂದು ಬೀಸಿದನೋ, ಹೋಗಿಬರುತ್ತೇನೆ ಎಂದು ಬೀಸಿದನೋ, ಇದರ ಮೇಲೆ ಊರು ಎರಡು ಪಾಲಾಯಿತು. ಸರಕಾರಿ ವಕೀಲ ಹಲಗತ್ತಿಯವರು ಮಾತ್ರ ತಡಮಾಡಲಿಲ್ಲ, ಜಾಮೀನು ಪಡೆದು ತಲೆಮರೆಸಿಕೊಂಡ ಆರೋಪವನ್ನು ಅಂದೇ ದಾಖಲು ಮಾಡಿಸಿದರು. ರೇಡಿಯೋ ಕೇಸಿಗಿಂತ ಅದು ಎಷ್ಟೋ ದೊಡ್ಡದು. ಆರೋಪಿ ಬೇಕೆಂದೇ ಓಡಿಹೋದನೆಂದು ತೀರ್ಮಾನವಾದರೆ ಅವನ ಭಾರ ಜಾಮೀನುದಾರನಿಗೇ ಖಾಯಂ. ಸರಿಯಾದ ಕಾರಣವಿತ್ತೆಂದು ಕೋರ್ಟು ಒಪ್ಪಿದರೆ ಮಾತ್ರ, ಅದೂ ಅವನು ತಾನಾಗಿ ಬಂದು ಹಾಜರಾದರೆ ಮಾತ್ರ, ಭಾರ ಇಳಿಯುತ್ತದೆ.

ಮನೆಗೆ ಬಂದು ಮಂಚದ ಮೇಲೆ ಕೂತೆ, ಮಂಚ ಹೋಯಿತು. ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟೆ, ಮೆಟ್ಟಿಲು ಹೋಯಿತು. ಆಷಾಢ ಶ್ರಾವಣಗಳೆಂದರೆ ಸೋರುವ ಮನೆಯವರು ನನ್ನನ್ನು ಹುಡುಕಿಕೊಂಡು ಬರುವ ಕಾಲ. ಬಂದವರು ನನ್ನ ಹೆಜ್ಜೆ ಅಂಗಳದಲ್ಲಿ ಹೂತದ್ದನ್ನು ನೋಡಿ, ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ನಾನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ಅಡಿವೆಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ತುಂಗವ್ವ ರೊಟ್ಟಿ ತಟ್ಟಿ ಖಾನಾವಳಿಗೆ ಕೊಡಲು ಸುರುಮಾಡಿದಳು. ನಾನು ಬೈಯುವಾಗ ಒಳಗೆ ರೊಟ್ಟಿ ತಟ್ಟುವ ಸದ್ದು ಜೋರಾಗುತ್ತಿತ್ತು.

ಭಾರ ನನ್ನ ಮೇಲೆ ಬಂದಮೇಲೆ ಅವನು ಉಂಡದ್ದೂ ನನಗೇ ಸೇರಬೇಕಲ್ಲ. ಹಾಗೆಂದು ದಸ್ತಗೀರಸಾಬ ಹೇಳಿಕೊಟ್ಟಿದ್ದ. ಮೊದಲ ಕೆಲವು ದಿನ ಏನೂ ಬರಲಿಲ್ಲ. ತುಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು "ಏನರ ಗೊತ್ತಾತೇನ್ರಿ?" ಎಂದು ಕೇಳುವಳು, ಇಲ್ಲ ಎಂದರೆ ಒಳಗೆ ಹೋಗುವಳು. ಅವಳೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಊಟವೆಂದರೆ ಪ್ರಾಣ ಬಿಡುವ ಮನುಷ್ಯ ಎಲ್ಲಿ ಬಿದ್ದಿದ್ದಾನೋ ಎಂದು ನನಗೂ ಒಳಗೊಳಗೇ ಹೆದರಿಕೆಯಾಯಿತು. ಬೈಗುಳ ತಾನಾಗಿಯೇ ನಿಂತಿತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಕೂತಿದ್ದಾಗ ಮೈ ಇಷ್ಟೇ ಇಷ್ಟು ಬಿಗಿದು ನೆಲಕ್ಕೆ ಒತ್ತಿದಂತಾಯಿತು.

"ಉಂಡ!" ಎಂದು ಕೂಗಿದೆ. "ತುಂಗಿ, ಅವ ಉಂಡ!"

ಅವಳು ಓಡಿಬಂದಳು. "ರೊಟ್ಟಿನೋ ಅನ್ನನೋ?"

"ಅದು ನಂಗ ಹ್ಯಾಂಗ ಗೊತ್ತಾಗಬೇಕು? ಒಟ್ಟ ಉಂಡ."

ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ನನ್ನ ಹೊಟ್ಟೆಯ ಮೇಲೆ ಹೊಡೆದು ಹೋದವನು ಉಂಡನೆಂದು ನಾನು ಯಾಕೆ ಅತ್ತೆನೋ ಗೊತ್ತಿಲ್ಲ. ಅಂದಿನಿಂದ ಮಧ್ಯಾಹ್ನವಾದರೆ ಇಬ್ಬರೂ ಬಾಗಿಲಲ್ಲಿ ಕೂತು ಕಾಯುವುದು ರೂಢಿಯಾಯಿತು. ಬೆಳಿಗ್ಗೆ ಮತ್ತೆ ಸ್ವಲ್ಪ ಹಗುರಾಗುತ್ತಿತ್ತು, ಅದರ ವಿವರ ಬೇಡ. ಮಹಾನವಮಿಯ ದಿನ ಅವನಿಗೆ ಯಾರೋ ಪುಣ್ಯಾತ್ಮರು ಹೋಳಿಗೆ ಬಡಿಸಿರಬೇಕು, ಸಂಜೆಯವರೆಗೂ ಹೊಸ್ತಿಲು ಬಿಟ್ಟು ಏಳಲು ಆಗಲಿಲ್ಲ. ತುಂಗವ್ವ ಊರಿಗೆಲ್ಲ ಹೇಳಿಕೊಂಡು ಬಂದಳು.

ದಸರೆ ಮುಗಿದು ಮೂಡಗಾಳಿ ಸುರುವಾದ ಮೇಲೆ, ಒಂದು ದಿನ ಕೋರ್ಟು ನಡೆಯುತ್ತಿರುವಾಗಲೇ, ಕೋರ್ಟಿನ ಮಾಳಿಗೆಯ ಮೇಲೆ ಏನೋ ಉರುಳಿದ ಸದ್ದಾಯಿತಂತೆ. ಹೊರಗೆ ಬಂದು ನೋಡಿದರೆ ಅಡಿವೆಪ್ಪ! ಗಡ್ಡ ಪೊದೆಯ ಹಾಗೆ ಬೆಳೆದಿತ್ತು. ಮಾಳಿಗೆಯ ನೆತ್ತಿಯ ಹೆಂಚುಸಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು "ಹಾಜರದೀನ್ರೀ! ಅಡಿವೆಪ್ಪ ಹಾಜರದೀನಿ!" ಎಂದು ಒದರುತ್ತಿದ್ದ. ನಾನು ಬಂದಾಗ ಜನ ನೆರೆದಿತ್ತು. ಏರಿ ಕರೆತರೋಣವೆಂದರೆ ನಾನು ಏರುವ ಹಾಗಿಲ್ಲ. ದಸ್ತಗೀರಸಾಬ ಹಗ್ಗ ಎಸೆದು, ಅವನನ್ನು ಗಾಳಿಪಟದ ಹಾಗೆ ಎಳೆದು, ಸೀದಾ ಕಟಕಟೆಗೆ ತಂದು ಕಟ್ಟಿದ.

ನ್ಯಾಯಾಧೀಶೆ ಸುಲೋಚನಾಬಾಯಿಯವರು ಮಾತು ಕಡಿಮೆ, ಕೇಳುವುದು ಹೆಚ್ಚು. ತಲೆಮರೆಸಿಕೊಂಡ ಕೇಸನ್ನೇ ಮೊದಲು ಕೈಗೆತ್ತಿಕೊಂಡರು. ಅಷ್ಟು ಹೊತ್ತಿಗೆ ತುಂಗವ್ವನೂ ಒಲೆ ಆರಿಸಿ ಓಡಿಬಂದು ಹೆಂಗಸರ ಬೆಂಚಿನಲ್ಲಿ ಕೂತಿದ್ದಳು. ನಾನು ಬೆಂಚಿನ ಗೊಡವೆಗೆ ಹೋಗದೆ ಗೋಡೆಗೆ ಒರಗಿ ನಿಂತಿದ್ದೆ.

"ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದರು ಬಾಯಿಯವರು.

"ನಾ ಹೋಗಲಿಲ್ರಿ ಬಾಯಾರ, ಗಾಳಿ ಒಯ್ತು. ಮಾರ್ಕೆಟ್ ಮೂಲಿಗೆ ಬರೂದ್ರಾಗ ಕಾಲು ನೆಲಾ ಬಿಟ್ಟಾವು. ಹಿಡಕೊಳ್ಳಾಕ ಏನೂ ಸಿಗಲಿಲ್ಲ. ಎಲ್ಲೋ ದೂರ ಒಂದು ಹುಣಸಿಗಿಡದ ತುದಿಗೆ ಸಿಕ್ಕೊಂಡ್ನಿ. ನಾಕೈದು ದಿನಾ ಯಾರೂ ಮ್ಯಾಲೆ ನೋಡಲಿಲ್ಲ."

"ಇಳಿದ ಮೇಲೆ ಯಾಕೆ ಬರಲಿಲ್ಲ?"

"ಯಾವೂರು ನಿಂದು ಅಂತ ಕೇಳಿದ್ರು. ನಮ್ಮೂರಿಗೆ ನಮ್ಮೂರು ಅನ್ನೂದು ಬಿಟ್ರ ಬ್ಯಾರೆ ಹೆಸರೆಲ್ಲಿ ಐತ್ರಿ? ಏನಂತ ಹೇಳಲಿ? ಅಲ್ಲೇ ಸಿಕ್ಕ ಕಲ್ಲು ಸೊಂಟಕ್ಕ ಕಟಗೊಂಡು ದಿನಾ ಒಂದೊಂದು ದಿಕ್ಕಿಗೆ ನಡದ್ನಿ, ಯಾರಿಗೂ ಗೊತ್ತಿಲ್ಲ. ಒಯ್ದ ಗಾಳಿಗೆ ಮಾತ್ರ ಹಾದಿ ಗೊತ್ತಿತ್ತು. ಅವರ ಗುಡಿ ಗೋಪುರಕ್ಕ ಸುಣ್ಣಾ ಹಚ್ಚಿಕೋತ, ಅವರು ಕೊಟ್ಟಿದ್ದು ಉಂಡಕೋತ, ಅದು ತಿರುಗೋತನಕಾ ಕಾದ್ನಿ. ತಿರುಗಿದ ದಿನಾ ಕಲ್ಲು ಬಿಚ್ಚಿ ಒಗದು ಬಂದ್ನಿ."

ಜನ ತಲೆದೂಗಿದರು. ಆಗ ಹಲಗತ್ತಿಯವರು ಎದ್ದು ನಿಂತರು.

"ಗಾಳಿ ಒಯ್ತು, ಸರಿ. ಜೇಬುಗಲ್ಲು ಇದ್ದರೆ ಗಾಳಿ ಹೇಗೆ ಒಯ್ಯುತ್ತದೆ? ಕೋರ್ಟು ಕೊಟ್ಟ ಎರಡು ಕಲ್ಲು ಎಲ್ಲಿ?"

ಅಡಿವೆಪ್ಪ ನೆಲ ನೋಡಿದ. "ಕಳದಾವ್ರಿ."

"ಎರಡೂ ಒಮ್ಮೆಗೇ? ಜೇಬು ಹರಿದಿಲ್ಲ, ಕಲ್ಲು ಮಾತ್ರ ಮಾಯ. ಬಾಯಿಯವರು ಗಮನಿಸಬೇಕು. ತಾನೇ ತೆಗೆದು ಬಿಸಾಡಿದ್ದಾನೆ. ಹಾರಲು ಬರುತ್ತದೆ ಅನ್ನುವುದನ್ನು ಈಗ ತಾನೇ ಹಾರಿ ಬಂದು ತೋರಿಸಿಯೂ ಇದ್ದಾನೆ. ಕಲ್ಲು ಕಳಚಿದವನು ಓಡಿಹೋದವನೇ ಎನ್ನುವುದು ಈ ಕೋರ್ಟಿನ ಕ್ರಮ."

ಬಾಯಿಯವರು ಕನ್ನಡಕ ತೆಗೆದರು. "ಅಡಿವೆಪ್ಪ, ನಿಮ್ಮ ಮಾವ ಅಲ್ಲಿ ನಿಂತಿದ್ದಾರೆ ನೋಡಿ. ಕಲ್ಲು ಏನಾಯಿತು ಎಂದು ನೀವು ಹೇಳದಿದ್ದರೆ ನಿಮ್ಮ ಭಾರವನ್ನು ಅವರು ಸಾಯುವವರೆಗೂ ಹೊರಬೇಕಾಗುತ್ತದೆ. ಯೋಚಿಸಿ ಹೇಳಿ."

ಅವನು ನನ್ನನ್ನು ನೋಡಿದ. ಕಣ್ಣು ತುಂಬಿ ಬಂತು. ಅಕ್ಕನ ಕಡೆ ನೋಡಿದ. "ಕಳದಾವ್ರಿ" ಎಂದ.

ನನಗೆ ನೆತ್ತಿಗೇರಿದ ಸಿಟ್ಟು ಅಷ್ಟಿಷ್ಟಲ್ಲ. ಹೋಳಿಗೆ ತಿನ್ನುವಾಗ ಬಾಯಿ ಇತ್ತಲ್ಲ, ಈಗ ಎಲ್ಲಿ ಹೋಯಿತು ಎಂದು ಕೂಗಬೇಕೆನಿಸಿತು. ಇನ್ನು ಮಾಳಿಗೆ ಏರುವುದು ಕನಸಿನ ಮಾತು, ನೆಲಕ್ಕೆ ಅಂಟಿಕೊಂಡೇ ಮುದುಕನಾಗುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಹೆಂಗಸರ ಬೆಂಚಿನಿಂದ ದನಿ ಬಂತು.

"ಕೋರ್ಟಿನ ಕಲ್ಲು ಕಳದಿಲ್ರಿ ಬಾಯಾರ. ನಮ್ಮನಿ ಉಪ್ಪಿನಕಾಯಿ ಭರಣ್ಯಾಗ ಅದಾವು."

"ಅಕ್ಕಾ, ಸುಮ್ಮನ ಕೂಡು!" ಎಂದು ಅಡಿವೆಪ್ಪ ಚೀರಿದ.

"ಯಾಕ ಸುಮ್ಮನ ಕೂಡಲಿ? ಅದಾವು ಅಂದ್ರ ಅದಾವು." ತುಂಗವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಅವತ್ತ ಮಾವಿನಕಾಯಿ ಉಪ್ಪಿನ್ಯಾಗ ಹಾಕಿದ್ನಿರಿ. ಕಾಯಿ ಮ್ಯಾಲೆ ತೇಲಿ ಬರಾಕ ಹತ್ತಿದ್ವು. ಹೇರಾಕ ಚಲೋ ಕಲ್ಲು ಬೇಕಾಗಿತ್ತು. ಇವನ ಅಂಗಿ ಗೂಟಕ್ಕ ಇತ್ತು. ಕೋರ್ಟಿನ ಕಲ್ಲು ಭಾಳ ನುಣುಪ ಇರತಾವ್ರಿ, ಉಪ್ಪು ಹಿಡಿಯೂದಿಲ್ಲ. ತಗೊಂಡ್ನಿ. ಬರೇ ಜೇಬಿಲೆ ಕಳಿಸಿಲ್ರಿ ನಾ. ತಕ್ಕಡ್ಯಾಗ ಹಾಕಿ, ತೂಕಕ್ಕ ತೂಕ ಬೆಲ್ಲಾ ಕಟ್ಟಿ ಜೇಬಿನ್ಯಾಗ ಇಟ್ಟು, ಕೋರ್ಟು ಮುಟ್ಟೂತನಕಾ ತಿನಬ್ಯಾಡ ಅಂತ ಹೇಳೀನಿ."

ಬಾಯಿಯವರು ಕಟಕಟೆಯ ಕಡೆ ತಿರುಗಿದರು. "ತಿಂದ್ರಾ?"

ಅಡಿವೆಪ್ಪ ಖಾಲಿ ಜೇಬು ಮುಟ್ಟಿ ನೋಡಿಕೊಂಡ. "ತಿಂದ್ನಿರಿ" ಎಂದ ಕೊನೆಗೆ. "ಸ್ವಲ್ಪ ಸ್ವಲ್ಪಾನ ತಿಂದ್ನಿ. ಜೇಬಿನ್ಯಾಗಿದ್ರೇನು, ಹೊಟ್ಟ್ಯಾಗಿದ್ರೇನು, ಭಾರ ಮೈಯಾಗ ಇರತೈತಲ್ಲಾ ಅನ್ಕೊಂಡ್ನಿ. ಅದು ಇಲ್ಲಿ ಬಂದು ಗುಂಡುಕಲ್ಲು ಸೇರತೈತಿ ಅಂತ ಮ್ಯಾಲೆ ಎದ್ದ ಮ್ಯಾಲೆ ತಿಳೀತು. ಕೋರ್ಟಿನ ಕಲ್ಲಿಗೆ ಕೈ ಹಚ್ಚಿದ್ದು ಅಕ್ಕನ ಮ್ಯಾಲೆ ಬರಬಾರದು ಅಂತ ಹೇಳಲಿಲ್ರಿ."

"ಅಯ್ಯ, ತಿಂದೇನು?" ಎಂದಳು ತುಂಗವ್ವ. "ನಾ ಬೆಲ್ಲದ ಸಮೇತ ಹಾರಿಹೋದಿ ಅಂತ ತಿಳಕೊಂಡಿದ್ನಲ್ಲೋ! ಗಾಳಿ ಅಷ್ಟ ಜೋರ ಇತ್ತು ಅಂತ!"

ಕೋರ್ಟಿಗೆ ಕೋರ್ಟೇ ನಕ್ಕಿತು. ದಸ್ತಗೀರಸಾಬ ನಮ್ಮ ಮನೆಗೆ ಹೋಗಿ ಭರಣಿಯನ್ನೇ ಹೊತ್ತು ತಂದ. ಮೇಜಿನ ಮೇಲೆ ಇಟ್ಟು ಕೈ ಹಾಕಿ ತೆಗೆದರೆ ಸಾಸಿವೆ, ಇಂಗು, ಮೆಣಸಿನ ಪುಡಿ ಮೆತ್ತಿದ ಎರಡು ಕಲ್ಲು, ಒರೆಸಿದಾಗ ಕೋರ್ಟಿನ ಗುರುತು. ಇಷ್ಟು ದಿನ ನಾನು ಆ ಉಪ್ಪಿನಕಾಯಿ ಹಚ್ಚಿಕೊಂಡೇ ರೊಟ್ಟಿ ತಿಂದಿದ್ದೆ, ಅಡಿವೆಪ್ಪನಿಗೆ ಶಾಪ ಹಾಕುತ್ತ. ಬಾಯಿಯವರು ಕಲ್ಲನ್ನು ಮೂಸಿ ನೋಡಿದರು, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ, ಆದರೆ ಭರಣಿಯ ಮುಚ್ಚಳವನ್ನು ಮುಚ್ಚಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಆರೋಪಿ ಓಡಿಹೋಗಿಲ್ಲ, ಬೆಲ್ಲ ತಿಂದಿದ್ದಾನೆ" ಎಂದು ತೀರ್ಪು ಹೇಳಿದರು. "ಬೆಲ್ಲ ತಿನ್ನುವುದು ಅಪರಾಧವಲ್ಲ. ದಾರಿ ಸಿಕ್ಕ ದಿನವೇ ತಾನಾಗಿ ಬಂದು ಹಾಜರಾಗಿದ್ದಾನೆ. ಭಾರ ಭಾರದವನಿಗೆ ಸೇರಲಿ."

ಅಡಿವೆಪ್ಪನೂ ನಾನೂ ಒಂದೇ ಗುಂಡುಕಲ್ಲಿನ ಮೇಲೆ ಕೈ ಇಟ್ಟೆವು. ನನ್ನಿಂದ ಇಳಿದದ್ದು ಅವನಿಗೆ ಏರಿತು. ಅವನು ಉಸ್ಸೆಂದು ಕುಸಿದ, ನಾನು ಹುರುಪಿನಲ್ಲಿ ಮುಗ್ಗರಿಸಿ ಹಲಗತ್ತಿಯವರ ಮೇಲೆ ಬಿದ್ದೆ. ರೇಡಿಯೋ ಕೇಸಿಗೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಗೂಳಪ್ಪ ಮಾಸ್ತರರೇ ಎದ್ದು, ಇವನಿಲ್ಲದೆ ಓಣಿಯಲ್ಲಿ ಜಗಳವಾಡಲು ಒಂದು ನರಪಿಳ್ಳೆಯೂ ಇಲ್ಲ, ನನಗೆ ಕೇಸು ಬೇಡ ಎಂದರು.

ಹಲಗತ್ತಿಯವರು ಮಾತ್ರ ಬಿಡುವ ಕುಳವಲ್ಲ. ಕೋರ್ಟಿನ ಕಲ್ಲನ್ನು ಉಪ್ಪಿನಕಾಯಿಗೆ ಹೇರಿದವರ ಮೇಲೆ ಕೇಸು ಆಗಲೇಬೇಕು ಎಂದು ಪಟ್ಟು ಹಿಡಿದರು. ಕಾಯಿದೆ ಹಾಗೇ ಇತ್ತು, ಬಾಯಿಯವರು ಬೇಡವೆನ್ನುವಂತಿರಲಿಲ್ಲ. ತುಂಗವ್ವನ ಹೆಸರಿನಲ್ಲಿ ಸಣ್ಣ ಕೇಸೊಂದು ದಾಖಲಾಯಿತು, ಅಲ್ಲೇ ಜಾಮೀನೂ ಸಿಕ್ಕಿತು. ಜಾಮೀನಿಗೆ ಯಾರು ಎಂದಾಗ ನಾನು ಮುಂದೆ ಬಂದೆ. ಅಡಿವೆಪ್ಪ ನನ್ನನ್ನು ಹಿಂದಕ್ಕೆ ಸರಿಸಿದ.

"ಮಾವ, ನೀ ಸರಿ. ಹೊತ್ತಿದ್ದು ಸಾಕು. ಇದು ನನ್ನ ಪಾಳಿ."

ತುಂಗವ್ವ ಕಲ್ಲಿನ ಮೇಲೆ ಕೈ ಊರಿದಳು. ಮದುವೆಯಾಗಿ ಬಂದಾಗಿನಿಂದ ನೀರು ಹೊತ್ತು, ಕಟ್ಟಿಗೆ ಹೊತ್ತು, ಈಗ ಕೆಲವು ತಿಂಗಳಿಂದ ಹಿಟ್ಟಿನ ಬುಟ್ಟಿ ಹೊತ್ತವಳು. ಹಿಂದಕ್ಕೆ ತಿರುಗಿದಾಗ ಅವಳ ಪಾದ ನೆಲವನ್ನು ಬರೀ ಸವರುತ್ತಿತ್ತು. ಅವಳ ಮುಖವನ್ನು ನಾನು ಹಾಗೆ ಹಿಂದೆ ಯಾವತ್ತೂ ನೋಡಿರಲಿಲ್ಲ. ಬೇರೆ ಜೇಬುಗಲ್ಲು ಯಾವುವೂ ಉಳಿದಿರಲಿಲ್ಲ, ಭರಣಿಯ ಎರಡು ಸಾಕ್ಷಿಗೆಂದು ಕೋರ್ಟಿನಲ್ಲೇ ಇದ್ದವು. "ಮನೆಯವರು ಕೈ ಹಿಡಿದುಕೊಂಡು ಹೋಗಲಿ" ಎಂದು ಬಾಯಿಯವರು ಎದ್ದುಬಿಟ್ಟರು.

ಈ ವಯಸ್ಸಿನಲ್ಲಿ ನಡುಬೀದಿಯಲ್ಲಿ ಹೆಂಡತಿಯ ಕೈ ಹಿಡಿದು ನಡೆಯುವುದೆಂದರೆ ನಾಚಿಕೆಯೇ. ಜನ ನೋಡುತ್ತಿದ್ದರು. ಅಡಿವೆಪ್ಪ ತನ್ನ ಭಾರವನ್ನು ಏದುಸಿರು ಬಿಡುತ್ತ ಎಳೆದುಕೊಂಡು ಹಿಂದೆ ಬರುತ್ತಿದ್ದ. ಕೆರೆಯ ಏರಿಯ ಹತ್ತಿರ ಗಾಳಿ ಸ್ವಲ್ಪ ಎದ್ದಿತು, ತುಂಗವ್ವ ನನ್ನ ತೋಳಿನುದ್ದ ಮೇಲೆ ಹೋದಳು. ಗಾಬರಿಯಾಗಿ ಎಳೆಯಲು ಹೋದೆ.

"ಇರ್ರಿ, ಎಳಿಬ್ಯಾಡ್ರಿ" ಎಂದಳು. "ಇನ್ನಾ ಸ್ವಲ್ಪ ಬಿಡ್ರಿ."

ನಾನು ತಲೆಯ ರುಮಾಲು ಬಿಚ್ಚಿ ಒಂದು ತುದಿಯನ್ನು ಅವಳ ಮುಂಗೈಗೆ ಗಟ್ಟಿಯಾಗಿ ಕಟ್ಟಿದೆ, ಇನ್ನೊಂದು ತುದಿಯನ್ನು ನನ್ನ ಕೈಗೆ ಸುತ್ತಿಕೊಂಡೆ, ಮೆಲ್ಲಗೆ ಬಿಡುತ್ತ ಹೋದೆ. ಅವಳು ಬೇವಿನ ಗಿಡದ ತುದಿಯಷ್ಟು ಎತ್ತರಕ್ಕೆ ಹೋಗಿ, ಊರಿನ ಕಡೆ ಮುಖ ಮಾಡಿ ನಿಂತಳು.

"ಏನ ಕಾಣತೈತಿ?" ಎಂದು ಕೂಗಿದೆ.

"ಮಾಳಿಗಿ ಕಾಣತಾವ್ರಿ. ಊರ ತುಂಬ ಮಾಳಿಗಿ." ಕೈ ಚಾಚಿ ತೋರಿಸಿ ಕೇಳಿದಳು, "ಈ ಕೆಂಪಗಿನವೆಲ್ಲಾ ನೀವು ಹೊದಿಸಿದ್ದೇನು?"

"ಹೂಂ. ಕೆಂಪಗಿರೂವೆಲ್ಲಾ."

ಅವಳ ತಲೆ ಮಾಳಿಗೆಯಿಂದ ಮಾಳಿಗೆಗೆ ಮೆಲ್ಲಗೆ ತಿರುಗುತ್ತಿತ್ತು. ಎಲ್ಲೋ ಹೆಂಚು ಸರಿದಿರಬೇಕು, ಸಾಲು ಸೊಟ್ಟಾಗಿರಬೇಕು ಎಂದು ನನಗೆ ಕಳವಳ ಸುರುವಾಯಿತು. ಜೀವಮಾನವಿಡೀ ಹೊದಿಸಿದ್ದೆ, ನಮ್ಮ ಮನೆಯವರು ಯಾರೂ ಒಂದು ದಿನವೂ ಮೇಲೆ ಏರಿ ನೋಡಿದ್ದಿಲ್ಲ.

"ಇಷ್ಟ ಚಂದ ಕೂಡಿಸೀರಿ" ಎಂದಳು ಮೇಲಿನಿಂದ. "ಮನಿಗೆ ಬಂದು ಒಂದಿನಾನೂ ಹೇಳಿಲ್ಲಲ್ರೀ."

ನಾನು ರುಮಾಲನ್ನು ಇನ್ನೊಂದು ಮೊಳ ಬಿಟ್ಟೆ.